ಹೆಬ್ಬೆರಳಿಲ್ಲದ ತಕ್ಕಡಿ

ದಾದಾಪೀರ್ ಫೋನು ಮುಂದೆ ಹಿಡಿದ:
"ಆಚಾರ್ರೇ, ನೀವು ತೂಕದೋರು, ನೀವೇ ನೋಡ್ರಿ."
ಭರಮಸಾಗರದ ಇಳಿಜಾರು, ಬೆಳಗಿನ ಆರೂ ನಲವತ್ತು,
ಅವನ ಏಸ್ ಗಾಡಿ, ಮೇಲೆ ಮಂಡಕ್ಕಿ ಚೀಲಗಳ ಗುಡ್ಡ,
ಮೂಲೆಯಲ್ಲಿ ಕೆಂಪಗೆ ಅರವತ್ತೇಳು.
ಇರಬೇಕಾದದ್ದು ಅರವತ್ತು.

"ಗಾಳಿ ದಬ್ಬಿರಬೇಕ್ರಿ. ಮಂಡಕ್ಕಿಗೆ ಎಲ್ಲಿಯ ಭಾರ!
ದುರ್ಗದ ಗುಡ್ಡದ ಮೇಲೆ ಅಷ್ಟೆತ್ತರದ ಫ್ಯಾನು ತಿರುಗಿಸೋ ಗಾಳಿ
ನನ್ನ ಗಾಡಿ ಬಿಡ್ತದೇನು?"

ನಕ್ಕೆ. ಕನ್ನಡಕ ಒರೆಸಿ ಅಡಿಯ ಸಣ್ಣಕ್ಷರ ಓದಿದೆ.
ಯಂತ್ರದ ಸಂಖ್ಯೆ ಇತ್ತು, ದಂಡದ ಮೊತ್ತ ಇತ್ತು.
ಪರೀಕ್ಷಿಸಿದ ದಿನಾಂಕ ಅನ್ನೋ ಕಡೆ
ಒಂದು ಅಡ್ಡಗೆರೆ.

ಮಂಡಿಪೇಟೆಯಲ್ಲಿ ನಲವತ್ತೊಂದು ವರ್ಷ
ತಕ್ಕಡಿ ರಿಪೇರಿ ಮಾಡಿದವನು ನಾನು.
ಬಟ್ಟಿನ ಹೊಟ್ಟೆಗೆ ಸೀಸ ಹೊಯ್ದು, ಆರುವ ಮೊದಲೇ
ವರ್ಷದ ಮುದ್ರೆ ಒತ್ತಿಸಿ ತರುತ್ತಿದ್ದೆ.
ಮುದ್ರೆ ಇಲ್ಲದಿದ್ದರೆ
ಮೆಣಸಿನಕಾಯಿ ಮಾರೋಳ ಬಟ್ಟು ಬುಟ್ಟಿ ಎರಡೂ
ಜೀಪು ಹತ್ತುತ್ತಿದ್ದವು.
ಕಂಬದ ಮೇಲೆ ಕೂತ ಈ ದೊಡ್ಡಮನುಷ್ಯನಿಗೆ
ಸೀಸ ಹೊಯ್ದವರು ಯಾರು?

ಭಾನುವಾರ ಹೋದೆವು. ಟೇಪು, ಒಂದು ಮುಷ್ಟಿ ಸುಣ್ಣ,
ಡ್ರಿಲ್ ಮಾಸ್ತರರಿಂದ ಕಡ ತಂದ ಸ್ಟಾಪ್‌ವಾಚು.
ಅರವತ್ತರ ಬೋರ್ಡು ಹುಡುಕಿದರೆ,
ಡಿವೈಡರಿನ ಕಣಗಿಲೆ ಬೆಳೆದು
ಆರು ಎಲೆಯೊಳಗೆ, ಸೊನ್ನೆ ಮಾತ್ರ ಹೊರಗೆ.
ಸೊನ್ನೆಯ ವೇಗದಲ್ಲಿ ಹೋಗು ಅನ್ನುತ್ತಿತ್ತು ಹೆದ್ದಾರಿ.

ನೂರು ಮೀಟರಿಗೆ ಎರಡು ಗೆರೆ ಎಳೆದೆ.
"ಅವತ್ತಿನ ಹಾಗೇ ಬಿಡು. ಬರೋ ದಂಡ ನನ್ನ ಲೆಕ್ಕ."
ಬಿಟ್ಟ. ಐದು ಸೆಕೆಂಡು, ಮೇಲೆ ನಾಲ್ಕು ಹತ್ತಾಂಶ.
ಸಿಗರೇಟು ಪ್ಯಾಕಿನ ಬೆನ್ನ ಮೇಲೆ ಗುಣಿಸಿದೆ, ಭಾಗಿಸಿದೆ:
ಅರವತ್ತಾರು ಮುಕ್ಕಾಲಿಗೆ ಕೊಂಚ ಕಮ್ಮಿ.

ಗುರುವಾರ ಎರಡನೇ ನೋಟೀಸು ಬಂತು.
ಅರವತ್ತೇಳು.
ಗುಲಗಂಜಿಯಷ್ಟೂ ನೆಪ ಉಳಿಸಲಿಲ್ಲ ಹಾಳಾದ್ದು.

ರಾತ್ರಿ ನಿದ್ದೆ ಬರಲಿಲ್ಲ.
ವಾಚು ಒತ್ತಿದ ಹೆಬ್ಬೆರಳನ್ನೇ ನೋಡುತ್ತಾ ಮಲಗಿದ್ದೆ.
ಈರುಳ್ಳಿ ಮಂಡಿಯ ಒಬ್ಬ ಸಾಹುಕಾರನಿಗೆ
ತಟ್ಟೆಯಡಿ ಮೇಣದಲ್ಲಿ ಐವತ್ತು ಗ್ರಾಂ ಅಂಟಿಸಿಕೊಟ್ಟದ್ದು
ಇದೇ ಬೆರಳು. ಮಗಳ ಬಾಣಂತನದ ವರ್ಷ.
ಆ ತಕ್ಕಡಿಗೆ ಮುದ್ರೆ ಇತ್ತು,
ಅಂಗೈ ರೇಖೆಯಷ್ಟು ಸ್ಪಷ್ಟ.
ಮುದ್ರೆ ಇದ್ದದ್ದು ಸುಳ್ಳು ಹೇಳಿತು ಹನ್ನೊಂದು ವರ್ಷ;
ಮುದ್ರೆ ಇಲ್ಲದ್ದು ನಿಜ ಹೇಳಿ ಸುಮ್ಮನೆ ಕೂತಿದೆ.

ಆದರೂ.
ಅವತ್ತೇ, ಅದೇ ಇಳಿಜಾರಲ್ಲಿ, ಒಂದು ಬಿಳಿ ಕಾರು
ನನ್ನ ಸುಣ್ಣದ ಗೆರೆ ಎರಡನ್ನೂ ಮೂರೇ ಸೆಕೆಂಡಿಗೆ ನುಂಗಿತು.
ನಂಬರಿನ ಮೇಲೆ ಸೇವಂತಿಗೆ ಹಾರ.
ಯಂತ್ರ ನಿಯತ್ತಾಗಿ ಫೋಟೋ ತೆಗೆದಿರುತ್ತದೆ,
ಹೂವಿಗೆ ನೋಟೀಸು ಕಳಿಸೋದು ಹೇಗೆ?

ಕುರಿ ಹೊಡೆದುಕೊಂಡು ಬಂದ ಮಾರಕ್ಕನ ಕೇಳಿದೆ.
"ತೂಕ ಸರಿಯೈತೋ ಇಲ್ಲೋ ನಂಗ್ಯಾಕಪ್ಪ.
ಅದು ಬಂದ್ಮ್ಯಾಗೆ ಮರಿ ಒಂದೂ ಸತ್ತಿಲ್ಲ ಇಲ್ಲಿ."
ಹಟ್ಟಿಯ ದಾರಿ ಹಿಡಿದಳು, ತಿರುಗಿ ನೋಡದೆ.

ದಾದಾಪೀರ್ ಒಂದು ದಂಡ ಕಟ್ಟಿದ, ನಾನೊಂದು.
"ಈಗ ಒಪ್ಪಿದ್ರೇನ್ರಿ ಆಚಾರ್ರೇ?"
ಅಂಕಿ ಒಪ್ಪಿದೆ. ಅಡ್ಡಗೆರೆ ಒಪ್ಪಲಿಲ್ಲ.
ಅರ್ಜಿ ಬರೆದೆ: ಮಾನ್ಯರೇ, ಇದನ್ನು ತೂಗಿ ನೋಡಿದವರು ಯಾರು, ಯಾವಾಗ?
ಮೂರು ತಿಂಗಳಾಯಿತು, ಉತ್ತರವಿಲ್ಲ.

ನಡುವೆ ಒಂದು ಬೆಳಗ್ಗೆ ಕುಡುಗೋಲು ಒಯ್ದು
ಇಬ್ಬರೂ ಆ ಕಣಗಿಲೆ ಸವರಿ ಬಂದೆವು.
ಆರು ಈಚೆ ಬಂತು, ಎಲೆಯ ಹಾಲು ಮೆತ್ತಿಕೊಂಡು.

ಬರುವಾಗ ಅಂಗಡಿ ಮುಂದೆ ಒಂದು ಚೀಲ ಮಂಡಕ್ಕಿ ಇಳಿಸಿದ.
ಎಷ್ಟಿದೆ ಅಂತ ಅವನು ಹೇಳಲಿಲ್ಲ.
ನಾನೂ ತೂಗಲಿಲ್ಲ.